ಹನ್ನೆರಡು ಹಾಳೆಯ ಆನೆಗಳು

ಒಂದು ಆನೆಗೆ ಅಗಲಕ್ಕೆ ಐದು ಮನೆ, ಎತ್ತರಕ್ಕೆ ನಾಲ್ಕು ಮನೆ. ಪ್ರತಿ ಮನೆಯೊಳಗೆ ಎಂಟು ಸಾಲು, ಪ್ರತಿ ಸಾಲಿನಲ್ಲಿ ಎಂಟು ಚೌಕ. ಚೌಕವನ್ನು ಪೆನ್ಸಿಲಿನಿಂದ ತುಂಬಬೇಕು, ಇಲ್ಲವೇ ಖಾಲಿ ಬಿಡಬೇಕು, ಅರ್ಧ ತುಂಬುವಂತಿಲ್ಲ. ಹಳೇಬೀಡಿನ ಗೋಡೆಯ ಆನೆಯೊಂದನ್ನು ಈ ಲೆಕ್ಕಕ್ಕೆ ಇಳಿಸಲು ಮೊದಲ ದಿನ ನನಗೆ ಮೂರು ಗಂಟೆ ಹಿಡಿಯಿತು. ಸೊಂಡಿಲು ಸರಿಯಾಗಿ ಬಂದರೆ ದಂತಕ್ಕೆ ಜಾಗವಿರುತ್ತಿರಲಿಲ್ಲ. ದಂತಕ್ಕೆ ಜಾಗ ಮಾಡಿದರೆ ಆನೆ ಹೋಗಿ ಹಂದಿಯಾಗುತ್ತಿತ್ತು.

ಇದು ಎಂಬತ್ತರ ದಶಕದ ನಡುವಿನ ಮಾತು. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಅರಸೀಕೆರೆಯ ಮನೆಯಲ್ಲಿ ಅಧ್ಯಾಪಕಿ ಹುದ್ದೆಯ ಆದೇಶಕ್ಕಾಗಿ ಕಾಯುತ್ತಿದ್ದೆ. ಆಗ ಇಂಗ್ಲೆಂಡಿನಿಂದ ಚಿಕ್ಕಮ್ಮನ ಮಗ ಬಂದ. ಚಿಕ್ಕಮ್ಮ ನರ್ಸ್ ಕೆಲಸಕ್ಕೆಂದು ಅಲ್ಲಿಗೆ ಹೋಗಿ, ಅಲ್ಲಿಯವರೊಬ್ಬರನ್ನು ಮದುವೆಯಾಗಿ ಅಲ್ಲೇ ಉಳಿದಿದ್ದಳು. ಮಗನಿಗೆ ಹತ್ತೊಂಬತ್ತು ವರ್ಷ. ಹದಿನಾರಕ್ಕೇ ಶಾಲೆ ಬಿಟ್ಟು, ಪತ್ರಿಕೆಗಳಲ್ಲಿ ಅಚ್ಚಾಗುವ ಪ್ರೋಗ್ರಾಮುಗಳನ್ನು ನಕಲು ಮಾಡುತ್ತಾ, ಕೆಡಿಸುತ್ತಾ, ಯಾರ ಹತ್ತಿರವೂ ಪಾಠ ಹೇಳಿಸಿಕೊಳ್ಳದೆ ಕಂಪ್ಯೂಟರ್ ಆಟಗಳನ್ನು ಬರೆಯಲು ಕಲಿತಿದ್ದ. ಎರಡು ಸಣ್ಣ ಆಟಗಳು ಮಾರಾಟವೂ ಆಗಿದ್ದವು. ಮೂರನೆಯದನ್ನು ದೊಡ್ಡ ಪ್ರಕಾಶಕರೊಬ್ಬರು ಕೇಳಿದ್ದರು. ಊರಿಗೆ ಹಿಂತಿರುಗಿದ ಕೂಡಲೇ ಪೂರ್ತಿ ಆಟದ ಕ್ಯಾಸೆಟ್ಟನ್ನು ಅವರ ಮೇಜಿನ ಮೇಲಿಡಬೇಕು, ಇಡದಿದ್ದರೆ ಒಪ್ಪಂದವಿಲ್ಲ. ಒಪ್ಪಂದ ತಪ್ಪಿದರೆ ಅಪ್ಪ ಕೆಲಸ ಮಾಡುವ ಬಸ್ ಡಿಪೋದಲ್ಲಿ ಅವನಿಗೊಂದು ಜಾಗ ಕಾದಿತ್ತು. ಅಪ್ಪನಿಗೆ ಮಾತು ಕೊಟ್ಟು ಬಂದಿದ್ದ.

ಅವನ ಕನ್ನಡ ನಮಗೆಲ್ಲ ವಿನೋದದ ವಸ್ತುವಾಯಿತು. ಬಾಣಾವರದ ಹತ್ತಿರದ ಹಳ್ಳಿಯಿಂದ ಚಿಕ್ಕಮ್ಮ ಹೊತ್ತುಕೊಂಡು ಹೋದ ಮಾತು, ಒಂದಿಷ್ಟೂ ಸವೆಯದೆ, ಅವನ ಬಾಯಲ್ಲಿತ್ತು.

"ದೊಡ್ಡಮ್ಮ, ನಾನು ಹಳೇಬೀಡಿಗೆ ಹೋಗಿ ಬತ್ತೀನಿ. ಅಲ್ಲಿ ಆನೆ ಐತಂತೆ," ಎಂದ ಬಂದ ಎರಡನೇ ದಿನ.

"ಲೋ, ನಿನ್ನ ಬಣ್ಣ ನೋಡಿದ್ರೆ ದೊರೆ, ಬಾಯಿ ಬಿಟ್ರೆ ನಮ್ಮಪ್ಪ ಕಣೋ," ಎಂದು ಅಮ್ಮ ನಕ್ಕಳು. ಅವಳು ನಮ್ಮೊಡನೆ ಹಾಗೆ ನಗುತ್ತಿದ್ದುದು ಕಡಿಮೆ.

ಹಳೇಬೀಡನ್ನು ನೋಡಿ ಬಂದವನು ಆಟವನ್ನು ತೀರ್ಮಾನಿಸಿಬಿಟ್ಟಿದ್ದ. ದೀಪ ಹಿಡಿದ ಒಬ್ಬ ಮನುಷ್ಯ. ದೇವಸ್ಥಾನದ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿನವರೆಗೆ, ಆನೆಗಳ ಸಾಲಿನ ಪಕ್ಕದಲ್ಲೇ, ದೀಪ ಆರದಂತೆ ನಡೆದು ಹೋಗಬೇಕು. ಗಾಳಿ, ಬಾವಲಿ, ಕೋತಿ ಅಡ್ಡ ಬರುತ್ತವೆ. ಹೋದಂತೆ ಹೋದಂತೆ ಕಷ್ಟ ಹೆಚ್ಚುತ್ತದೆ. ಹಿನ್ನೆಲೆಯಲ್ಲಿ ಗೋಡೆ ಸರಿಯುತ್ತಿರಬೇಕು, ಮತ್ತು ಅದು ನಿಜವಾದ ಗೋಡೆಯೇ ಆಗಿರಬೇಕು. ಗೋಡೆಯ ಚಿತ್ರ ಬರೆಯಲು ಅವನಿಗೆ ಸಮಯವಿರಲಿಲ್ಲ. ನನಗೆ ಸಮಯವಲ್ಲದೆ ಬೇರೇನೂ ಇರಲಿಲ್ಲ.

ದಿನ ಬಿಟ್ಟು ದಿನ ಬೆಳಗಿನ ಬೇಲೂರು ಬಸ್ಸಿನಲ್ಲಿ ಹೋಗಿ ಹಳೇಬೀಡಿನಲ್ಲಿ ಇಳಿಯುತ್ತಿದ್ದೆ. ಒಡೆದ ಸ್ಲೇಟೊಂದರ ಮರದ ಕಟ್ಟನ್ನು ಬಿಡಿಸಿಕೊಂಡು, ಅದಕ್ಕೆ ಅಡ್ಡ ಉದ್ದ ಹೊಲಿಗೆ ದಾರ ಕಟ್ಟಿದ್ದೆ. ಅದನ್ನು ಆನೆಗೆ ಒತ್ತಿಹಿಡಿದರೆ ಕಲ್ಲೇ ಚೌಕಚೌಕವಾಗಿ ಕಾಣುತ್ತಿತ್ತು. ಬಾಗಿಲ ಪಕ್ಕದ ಮೂಲೆಯಿಂದ ಶುರುಮಾಡಿದೆ. ಒಂದು ಗ್ರಾಫ್ ಹಾಳೆ ಎಂದರೆ ಟಿವಿಯ ಒಂದು ಪರದೆ. ಅದರಲ್ಲಿ ಆರು ಆನೆ ಪೂರ್ತಿ ಹಿಡಿಯುತ್ತಿತ್ತು, ಏಳನೆಯದು ಎಲ್ಲೋ ಒಂದು ಕಡೆ ತುಂಡಾಗುತ್ತಿತ್ತು. ಉಳಿದ ತುಂಡು ಮುಂದಿನ ಹಾಳೆಗೆ. ಹಾಳೆ ಮುಗಿದ ಹಾಗೆ ಮೇಲೆ ನಂಬರು ಹಾಕುತ್ತಿದ್ದೆ: ಒಂದು, ಎರಡು, ಮೂರು. ಹನ್ನೆರಡು ಹಾಳೆಗೆ ನಮ್ಮ ಗೋಡೆ ಮುಗಿಯಿತು.

ಅಲ್ಲಿನ ಕಾವಲುಗಾರರು ವಯಸ್ಸಾದವರು. ಮೊದಲ ವಾರ ದೂರದಿಂದ ನೋಡುತ್ತಿದ್ದು, ಆಮೇಲೆ ಹತ್ತಿರ ಬಂದರು.

"ಅಲ್ಲ ತಾಯಿ, ಕಸೂತಿಗಾ ಇದು?"

"ಅಲ್ಲ. ಟಿವಿಯಲ್ಲಿ ಆಡೋ ಆಟಕ್ಕೆ."

ಅವರು ಹಾಳೆಯನ್ನೂ ಗೋಡೆಯನ್ನೂ ಎರಡೆರಡು ಸಲ ನೋಡಿ, "ಆಗ್ಲಿ, ಬರ್ಕಳಿ. ಎಷ್ಟ್ ಬರ್ಕಂಡ್ರೂ ಸವೆಯಾಕಿಲ್ಲ," ಎಂದು ಹೋದರು.

ಮನೆಗೆ ಬಂದು ಚೌಕಗಳನ್ನು ಅಂಕಿ ಮಾಡುವುದು ಎರಡನೆಯ ಕೆಲಸ. ಸಾಲಿನ ಎಡತುದಿಯ ಚೌಕಕ್ಕೆ ನೂರಿಪ್ಪತ್ತೆಂಟು, ಅದರ ಪಕ್ಕದ್ದಕ್ಕೆ ಅರವತ್ತನಾಲ್ಕು, ಹೀಗೆ ಅರ್ಧರ್ಧವಾಗುತ್ತಾ ಬಲತುದಿಗೆ ಒಂದು. ತುಂಬಿದ ಚೌಕಗಳ ಬೆಲೆಯನ್ನಷ್ಟೇ ಕೂಡಿದರೆ ಆ ಸಾಲಿಗೆ ಒಂದು ಸಂಖ್ಯೆ. ಒಂದು ಮನೆಗೆ ಎಂಟು ಸಂಖ್ಯೆ. ಕಾಲು, ಬಾಲ ಮುಂತಾದವು ಹಲವು ಆನೆಗಳಿಗೆ ಒಂದೇ ಆಗುವಂತೆ ಹೊಂದಿಸಿಕೊಂಡರೂ ಸಂಖ್ಯೆಗಳು ಮೂರು ಸಾವಿರ ದಾಟಿದವು. ನನಗೆ ಇದು ಇಷ್ಟವಾದ ಕೆಲಸ. ಅದರಲ್ಲಿ ಯಾರೊಡನೆಯೂ ಮಾತಾಡುವ ಅಗತ್ಯವಿರಲಿಲ್ಲ.

ಅವನು ಜೊತೆಗೆ ತಂದಿದ್ದ ಕಂಪ್ಯೂಟರ್ ಯಂತ್ರದ ಕಥೆ ಬೇರೆ. ಟಿಫಿನ್ ಡಬ್ಬಿಯ ಮುಚ್ಚಳದಷ್ಟು ದಪ್ಪದ ಕಪ್ಪು ಹಲಗೆ, ಮೇಲೆ ರಬ್ಬರಿನ ಗುಂಡಿಗಳು. ಅದು ಟಿವಿಗೆ ಕಳಿಸುವ ಚಾನಲ್ಲು ನಮ್ಮ ಊರಿನ ಯಾವ ಟಿವಿಯಲ್ಲೂ ಇರಲಿಲ್ಲ. ಸ್ಟೇಷನ್ ರಸ್ತೆಯ ರೇಡಿಯೋ ರಿಪೇರಿಯವರು ಟಿವಿಯ ಹಿಂಬದಿ ಬಿಚ್ಚಿ, ಯಂತ್ರದ ಹೊಟ್ಟೆಯಿಂದಲೇ ಒಂದು ತಂತಿ ಎಳೆದು ಒಳಗೆ ಬೆಸುಗೆ ಹಾಕಿದರು. ಚಿತ್ರ ಬಂತು, ಬಣ್ಣ ಬರಲಿಲ್ಲ. ಟಿವಿಯೇ ಕಪ್ಪು ಬಿಳುಪಿನದು. ಕರೆಂಟು ಹೋದರೆ ಬರೆದದ್ದೆಲ್ಲ ಮಾಯ. ಹಾಗಾಗಿ ಅರ್ಧ ಗಂಟೆಗೊಮ್ಮೆ ಟೇಪ್ ರೆಕಾರ್ಡರಿಗೆ ಉಳಿಸಿಕೊಳ್ಳುವುದು ನಿಯಮವಾಯಿತು. ಉಳಿಸುವಾಗ ಅದು ಕಿರುಚುತ್ತಿತ್ತು. ಪಕ್ಕದ ಮನೆಯವರು ಯಾರಿಗೆ ಮೈ ಸರಿಯಿಲ್ಲ ಎಂದು ಕೇಳಿಕೊಂಡು ಬಂದಿದ್ದರು.

ಹನ್ನೆರಡು ಹಾಳೆಗಳನ್ನೂ ಒಂದೊಂದಾಗಿ ಪರದೆಯ ಮೇಲೆ ನೋಡಿದೆವು. ಒಂದೂ ತಪ್ಪಿರಲಿಲ್ಲ. ಆಮೇಲೆ ಅವನು ಎಲ್ಲವನ್ನೂ ಜೋಡಿಸಿ, ದೀಪದವನನ್ನು ಎಡತುದಿಯಲ್ಲಿ ನಿಲ್ಲಿಸಿ, ಬಲಕ್ಕೆ ನಡೆಸಿದ. ಗೋಡೆ ಸರಿಯತೊಡಗಿತು. ಅದನ್ನು ನೋಡಲು ರಿಪೇರಿಯವರೂ ಬಂದಿದ್ದರು. ಅಮ್ಮ ಬಾಗಿಲಲ್ಲಿ ನಿಂತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ರಿಪೇರಿಯವರು, "ಮೇಡಂ, ಒಂದ್ ಮಾತು. ಬೇಜಾರ್ ಮಾಡ್ಕೋಬೇಡಿ," ಎಂದರು.

"ಹೇಳಿ."

"ಆ ಆನೆಗೆ ಕಾಲು ಆರು ಅವೆ."

ನಿಲ್ಲಿಸಿ ಎಣಿಸಿದೆವು. ಆರೇ ಇದ್ದವು. ಆನೆ ಪ್ಯಾಸೆಂಜರ್ ಗಾಡಿಯ ಹಾಗೆ ಉದ್ದವಾಗಿತ್ತು. ಇನ್ನಷ್ಟು ಸರಿಸಿದೆವು. ಮುಂದೊಂದು ಕಡೆ ತಲೆಯ ಹಿಂದೆಯೇ ಬಾಲವಿತ್ತು, ಹೊಟ್ಟೆಯೇ ಇರಲಿಲ್ಲ. ಅದರಾಚೆ ಇನ್ನೊಂದರ ಬೆನ್ನ ಮೇಲೆ ಇಬ್ಬರು ಮಾವುತರು.

"ಆನೆ ಆನೆ ಥರಾನೇ ಐತಲ್ಲ, ಬಿಡ್ರೋ," ಎಂದಳು ಅಮ್ಮ. ಕಷ್ಟವಿದ್ದುದೇ ಅಲ್ಲಿ. ಆನೆಗಳು ಚಿಂದಿಯಾಗಿದ್ದರೆ ತಪ್ಪು ಎಲ್ಲಿದೆ ಎಂದು ಸುಲಭವಾಗಿ ಹುಡುಕಬಹುದಿತ್ತು. ತಲೆ ತಲೆಯ ಕಡೆಗಿತ್ತು, ಬಾಲ ಬಾಲದ ಕಡೆಗಿತ್ತು. ನಡುವೆ ಮಾತ್ರ ಏನೋ ಆಗಿತ್ತು.

ಅವನು ಹಿಂತಿರುಗುವ ರೈಲಿಗೆ ಆಗ ಹದಿನಾರು ದಿನವಿತ್ತು.

ನಾನು ನನ್ನ ಅಂಕಿಗಳನ್ನು ಮೊದಲಿನಿಂದ ಕೂಡಿದೆ. ಅವನು ಗೋಡೆ ಸರಿಸುವ ಪ್ರೋಗ್ರಾಮನ್ನು ಮೊದಲಿನಿಂದ ಬರೆದ. ನಾಲ್ಕು ದಿನ ಕಳೆಯಿತು. ಮತ್ತೆ ಓಡಿಸಿದರೆ ಅದೇ ಆರು ಕಾಲು. ಟೇಪನ್ನು ಅನುಮಾನಿಸಿ ಹೊಸ ಟೇಪು ತಂದೆವು. ವೋಲ್ಟೇಜನ್ನು ಅನುಮಾನಿಸಿ ರಿಪೇರಿಯವರಿಂದ ಸ್ಟೆಬಿಲೈಸರ್ ತಂದೆವು. ಕೊನೆಗೆ ಒಬ್ಬರನ್ನೊಬ್ಬರು ಅನುಮಾನಿಸಿದೆವು.

"ಅಕ್ಕ, ನೀನು ಬರೆದಿದ್ದು ಸರಿ ಐತೆ ಅಂತ ಗೊತ್ತು," ಎಂದ ಒಂದು ಮಧ್ಯಾಹ್ನ, ಗೊತ್ತಿಲ್ಲದವನ ದನಿಯಲ್ಲಿ. "ಆದ್ರೂ ಒಂದ್ಸಲ ಗೋಡೆ ಜೊತೆ ಇಟ್ಟು ನೋಡವ. ಡಿಪೋ ಕೆಲ್ಸ ಕೆಟ್ಟದ್ದಲ್ಲ. ಆದ್ರೆ ಅಲ್ಲಿಗೆ ಹೋದ್ರೆ ನಾನು ಇದ್ನ ಮತ್ತೆ ಮಾಡಾಕಿಲ್ಲ."

ನನಗೆ ಸಿಟ್ಟು ಬಂದಿತ್ತು. ಆದರೂ ಹಾಳೆಗಳ ಕಟ್ಟು ತೆಗೆದುಕೊಂಡೆ.

ಹಳೇಬೀಡಿನಲ್ಲಿ ಒಂದನೆಯ ಹಾಳೆಯನ್ನು ಬಾಗಿಲ ಪಕ್ಕದ ಗೋಡೆಗೆ ಹಿಡಿದು, ಆನೆ ಆನೆಗೂ ಬೆರಳಿಟ್ಟು ನೋಡಿದೆವು. ಎಲ್ಲ ಸರಿಯಿತ್ತು. "ಎರಡನೇದು," ಎಂದೆ. ಅವನು ಎರಡನೆಯ ಹಾಳೆ ಹಿಡಿದು ಹೊರಟ. ನಾನೂ ಹೊರಟೆ. ಹತ್ತು ಹೆಜ್ಜೆ ಹೋದ ಮೇಲೆ ಪಕ್ಕದಲ್ಲಿ ಅವನಿಲ್ಲ. ತಿರುಗಿ ನೋಡಿದರೆ ಅವನ ಬೆನ್ನು ಕಾಣಿಸಿತು. ಅವನು ಬಾಗಿಲ ಎದುರು ನಿಂತು ತಲೆ ಕೆರೆದುಕೊಳ್ಳುತ್ತಿದ್ದ.

"ಅಕ್ಕ, ಇಲ್ಲಿ ಬಾಗ್ಲು ಐತೆ. ಎರಡನೇ ಹಾಳೆ ಎಲ್ಲಿ?"

"ಆ ಕಡೆ ಯಾಕೆ ಹೋದೆ? ಇಲ್ಲಿದೆ."

"ಒಂದು ಆದ್ಮೇಲೆ ಎರಡು ಈ ಕಡೆ ತಾನೆ ಬರೋದು?" ಎಂದು ಬಲಗೈ ಚಾಚಿದ, ಪುಸ್ತಕದ ಸಾಲಿನ ಮೇಲೆ ಬೆರಳೋಡಿಸುವವನ ಹಾಗೆ.

ಕಾವಲುಗಾರರು ಅಷ್ಟು ದೂರದಿಂದ ಕೂಗಿದರು. "ಏ ಸ್ವಾಮಿ, ಅತ್ಲಾಗೆಲ್ಲೋಯ್ತೀರಿ? ದೇವ್ರನ್ನ ಎಡಕ್ಕೆ ಹಾಕ್ಕಂಡು ಸುತ್ತಾರ ಯಾರಾನ?"

ನಾನು ನಿಂತಲ್ಲೇ ನಿಂತೆ. ಆರು ವಾರ ಈ ಗೋಡೆಯ ಮುಂದೆ ಕೂತು ಎದ್ದಿದ್ದೇನೆ. ಒಂದು ದಿನವೂ ಆ ಕಡೆಯಿಂದ ಹೋಗುವ ಯೋಚನೆ ಬಂದಿರಲಿಲ್ಲ. ಬಾರದಿದ್ದುದಕ್ಕೆ ಭಕ್ತಿ ಕಾರಣವಲ್ಲ. ದೇವಸ್ಥಾನವನ್ನು ಬಲಕ್ಕಿಟ್ಟುಕೊಂಡು ನಡೆಯುವುದನ್ನು ಕಾಲೇ ಕಲಿತುಬಿಟ್ಟಿರುತ್ತದೆ. ಹಾಗೆ ನಡೆಯುತ್ತಾ ಗೋಡೆಗೆ ಮುಖಮಾಡಿ ನಿಂತರೆ ಮುಂದಿನದೆಲ್ಲ ಎಡಕ್ಕಿರುತ್ತದೆ. ನನ್ನ ಎರಡನೆಯ ಹಾಳೆ ಒಂದನೆಯದರ ಎಡಕ್ಕೆ, ಮೂರನೆಯದು ಅದರ ಎಡಕ್ಕೆ. ಅವನು ಅವನ್ನು ಓದುವ ಕ್ರಮದಲ್ಲಿ, ಎಡದಿಂದ ಬಲಕ್ಕೆ ಜೋಡಿಸಿದ್ದ. ಹಾಗಾಗಿ ಒಂದು ಆನೆಯ ಮುಂಭಾಗಕ್ಕೆ ಇನ್ನೆಲ್ಲಿಯದೋ ಆನೆಯ ಹಿಂಭಾಗ ಬಂದು ಅಂಟಿಕೊಳ್ಳುತ್ತಿತ್ತು. ಆನೆಗಳೆಲ್ಲ ಎಡಕ್ಕೇ ಮುಖಮಾಡಿದ್ದುದರಿಂದ ನಮಗೆ ಅದು ತಿಳಿಯಲಿಲ್ಲ.

ತಪ್ಪು ನನ್ನದು. ಅವನಿಗೆ ಹಾಗೆಂದೇ ಹೇಳಿದೆ. ಅವನು ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ನಕ್ಕ. ನನಗೆ ನಗು ಬರಲಿಲ್ಲ.

ಬಸ್ಸಿನಲ್ಲಿ ಬರುವಾಗಲೇ ಲೆಕ್ಕ ಹಾಕಿದೆ. ಹಾಳೆಗಳ ಕ್ರಮವನ್ನಷ್ಟೇ ತಿರುಗಿಸಿದರೆ ಆನೆಗಳು ಸರಿಹೋಗುತ್ತಿದ್ದವು. ಆದರೆ ದೀಪದವನು ಕೊನೆಯ ಹಾಳೆಯಿಂದ ಮೊದಲಿನದಕ್ಕೆ, ಇಡೀ ಸಾಲಿಗೆ ಎದುರಾಗಿ ನಡೆಯಬೇಕಿತ್ತು; ಅತಿ ಕಷ್ಟದ್ದು ಮೊದಲೇ ಬಂದುಬಿಡುತ್ತಿತ್ತು. ಅದಕ್ಕಿಂತ ಸುಲಭದ ದಾರಿಯೊಂದಿತ್ತು. ಪ್ರತಿ ಹಾಳೆಯನ್ನೂ ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾಡಿಬಿಡುವುದು. ಸಾಲಿನ ಚೌಕಗಳನ್ನು ಹಿಂದುಮುಂದಾಗಿ ಓದಿದರೆ ಸಾಕು. ಅದನ್ನು ಯಂತ್ರವೇ ಮಾಡುತ್ತದೆ. ಆಗ ಆನೆಗಳು ಬಲಕ್ಕೆ ಮುಖ ಮಾಡುತ್ತವೆ, ಒಂದರ ಬಲಕ್ಕೆ ಎರಡು ಸರಿಯಾಗಿ ಕೂಡುತ್ತದೆ, ದೀಪದವನು ಈಗಿನಂತೆಯೇ ಬಲಕ್ಕೆ ನಡೆಯುತ್ತಾನೆ.

ಸಂಜೆ ಅರ್ಧ ಗಂಟೆಯಲ್ಲಿ ಅದನ್ನು ಮಾಡಿ ಮುಗಿಸಿದ. ಎಪ್ಪತ್ತು ಚಿಲ್ಲರೆ ಆನೆಗಳು ತಲಾ ನಾಲ್ಕು ಕಾಲಿನ ಮೇಲೆ ನಡೆದು ಹೋದವು. ಅವನು ಕ್ಯಾಸೆಟ್ಟಿಗೆ ಉಳಿಸಿ, ಅಮ್ಮನನ್ನು ತಬ್ಬಿಕೊಂಡು ಬಂದ. ಒಪ್ಪಂದ ಅವನ ಕೈಯಲ್ಲಿತ್ತು ಎಂದೇ ಹೇಳಬೇಕು.

ಇದನ್ನು ಸೂಚಿಸಿದವಳು ನಾನು. ಆದರೂ ಪರದೆ ನೋಡುತ್ತಾ ಕೂತಾಗ ಸಮಾಧಾನವಾಗಲಿಲ್ಲ. ಕಾರಣ ಹುಡುಕಿದೆ. ಯಾವ ಸಂಖ್ಯೆಯೂ ತಪ್ಪಿರಲಿಲ್ಲ. ಗಣಿತದ ಪ್ರಕಾರ ಎರಡೂ ಒಂದೇ. ಆದರೆ ಅವನು ಕೇಳಿದ್ದು ನಿಜವಾದ ಗೋಡೆ, ಮತ್ತು ಇಂಥ ಗೋಡೆ ಎಲ್ಲೂ ಇಲ್ಲ. ದೇವರನ್ನು ಎಡಕ್ಕೆ ಹಾಕಿಕೊಂಡು ಸುತ್ತುವವರಿಗೆಂದು ಯಾರೂ ಅದನ್ನು ಕೆತ್ತಲಿಲ್ಲ. ಇದನ್ನು ಹೇಳಿದರೆ ಅವನ ಒಪ್ಪಂದಕ್ಕೆ ಕಲ್ಲು ಹಾಕಿದಂತೆ. ಹೇಳದಿದ್ದರೆ ನನ್ನ ತಪ್ಪನ್ನು ನಾನೇ ಮುಚ್ಚಿಕೊಂಡಂತೆ. ಅದೊಂದು ದಿನ ಸುಮ್ಮನಿದ್ದೆ. ಮರುದಿನ ಹೇಳಿದೆ.

"ಇಂಗ್ಲೆಂಡಲ್ಲಿ ಯಾರು ನೋಡ್ತಾರೆ ಅಕ್ಕ?"

"ಯಾರೂ ನೋಡಲ್ಲ."

"ಮತ್ತೆ?"

"ಗೊತ್ತಿಲ್ಲ," ಎಂದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅವನು ಸ್ವಲ್ಪ ಹೊತ್ತು ಗುಂಡಿಗಳ ಮೇಲಿನ ಧೂಳು ಒರೆಸಿದ. "ಎಡಕ್ಕೆ ನಡೆಯೋ ಆಟ ನಾನು ಒಂದೂ ನೋಡಿಲ್ಲ. ಎಲ್ಲಾ ಬಲಕ್ಕೇ. ಎಡಕ್ಕೆ ಮಾಡಿದ್ರೆ ಕೆಟ್ಟೋಗೈತೆ ಅಂತ ತಿಳ್ಕೊಂಡಾರು."

"ತಿಳಿದುಕೊಳ್ಳಬಹುದು."

"ಗೋಡೆ ಸರ್ಸೋದ್ನ ಪೂರಾ ಹೊಸದಾಗಿ ಬರೀಬೇಕು. ಕೈಲಿ. ಅಂಕಿ ಎಲ್ಲಾ ನೀನೇ ಹಾಕ್ಬೇಕು. ಒಂಬತ್ತು ದಿನ ಐತೆ. ಹಾಕ್ತೀಯಾ?"

ಅವನು ಬೇಡವೆನ್ನಲಿ ಎಂದು ನಾನು ಕಾಯುತ್ತಿದ್ದೆನೋ ಏನೋ. "ಹಾಕ್ತೀನಿ. ಆದರೆ ಈ ಕನ್ನಡಿ ಕ್ಯಾಸೆಟ್ಟನ್ನು ಹಾಗೇ ಇಟ್ಟಿರು. ಆಗದಿದ್ದರೆ ಇದನ್ನೇ ಕೊಡು," ಎಂದೆ.

ಅವನು ಆಜ್ಞೆಗಳನ್ನು ಬರೆಯುತ್ತಿದ್ದ. ನಾನು ಯಂತ್ರದ ಜೊತೆ ಬಂದ ಪುಸ್ತಕದ ಹಿಂಬದಿಯ ಕೋಷ್ಟಕ ನೋಡಿ ಒಂದೊಂದನ್ನೂ ಯಂತ್ರಕ್ಕೆ ತಿಳಿಯುವ ಅಂಕಿಯಾಗಿಸುತ್ತಿದ್ದೆ. ಮೊದಲ ಪ್ರಯತ್ನಕ್ಕೆ ಪರದೆಯ ತುಂಬ ಒಂದೇ ಒಂದು ಸೊಂಡಿಲು, ಈ ಅಂಚಿನಿಂದ ಆ ಅಂಚಿಗೆ, ಅಡ್ಡಗೆರೆಗಳಾಗಿ ಎಳೆದುಕೊಂಡಿತು. ರಿಪೇರಿಯವರು ನೋಡಿ, "ಇದು ಆನೆ ಅಲ್ಲ ಮೇಡಂ, ಚಾಪೆ," ಎಂದರು. ಇಡೀ ದಿನ ಕೂತು ಯೋಚಿಸಿದ ಮೇಲೆ ಕಾರಣ ಹೊಳೆಯಿತು. ಬೆಂಚಿನ ಮೇಲೆ ಕೂತವರೆಲ್ಲ ಒಂದೊಂದು ಜಾಗ ಬಲಕ್ಕೆ ಸರಿಯಬೇಕಾದರೆ ಬಲತುದಿಯವನು ಮೊದಲು ಸರಿಯಬೇಕು. ನಾವು ಎಡತುದಿಯಿಂದ ಶುರುಮಾಡಿದ್ದೆವು. ಮೊದಲ ಅಂಕಿ ಎರಡನೆಯದರ ಮೇಲೆ, ಅದೇ ಮೂರನೆಯದರ ಮೇಲೆ ಕೂತು, ಎಲ್ಲವೂ ಮೊದಲನೆಯದೇ ಆಗಿಬಿಟ್ಟಿತ್ತು. ಬಲತುದಿಯಿಂದ ಶುರುಮಾಡಿದೆವು. ಆನೆಗಳು ಬಂದವು, ಆದರೆ ದೀಪದವನು ಹಿಂದುಹಿಂದಕ್ಕೆ ನಡೆಯುತ್ತಿದ್ದ. ಅವನನ್ನು ತಿರುಗಿಸಲು ಇನ್ನೊಂದು ದಿನ. ಬಾವಲಿಗಳನ್ನು ಆಚೆ ಬದಿಯಿಂದ ಬರುವಂತೆ ಮಾಡಲು ಎರಡು ದಿನ. ಅದರ ನಡುವೆ ಕರೆಂಟು ಹೋಗಿ ಒಂದು ಬೆಳಗಿನ ಕೆಲಸ ಹೋಯಿತು. ಉಳಿಸಿಕೊಳ್ಳುವ ಸರದಿ ನನ್ನದಾಗಿತ್ತು, ಮರೆತಿದ್ದೆ. ಅವನು ಹೊರಗೆ ಹೋಗಿ, ಎರಡು ಟೀ ತಂದ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಎಲ್ಲ ಮುಗಿಯಿತು. ಒಳ್ಳೆಯ ಪರೀಕ್ಷಕರೆಂದು ರಿಪೇರಿಯವರನ್ನೇ ಕೂರಿಸಿದೆವು. ದೀಪದವನು ಪರದೆಯ ಬಲತುದಿಯ ಬಾಗಿಲ ಕಂಬದ ಪಕ್ಕ ನಿಂತಿದ್ದ. ಅವರು ಬಲದ ಗುಂಡಿಯನ್ನು ಒತ್ತಿದರು. ಅವನು ಕಂಬಕ್ಕೆ ಡಿಕ್ಕಿ ಹೊಡೆದ. ಮತ್ತೆ ಒತ್ತಿದರು. ಮತ್ತೆ ಡಿಕ್ಕಿ.

"ಇವ್ನು ಹೋಗ್ತಾನೇ ಇಲ್ವಲ್ರೀ. ಕೆಟ್ಟೋಗೈತೆ," ಎಂದು ಕೈ ತೆಗೆದರು.

ನಾನೂ ತಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

ಮರುದಿನ ಸ್ಟೇಷನ್ನಿನಲ್ಲಿ ಎರಡು ಕ್ಯಾಸೆಟ್ಟುಗಳೂ ಅವನ ಅಂಗಿ ಜೇಬಿನಲ್ಲಿದ್ದವು. ಯಾವುದನ್ನು ಕೊಡಲಿ ಎಂದು ಕೇಳಿದ. ಕನ್ನಡಿಯದನ್ನೇ ಕೊಡು ಎಂದು ಬಾಯಿಗೆ ಬಂದಿತ್ತು. ಅವನ ಡಿಪೋ ನೆನಪಾಗಿ ಹಾಗೆ ಬಂದಿತ್ತು. "ಆಟ ನಿನ್ನದು," ಎಂದಷ್ಟೇ ಹೇಳಿದೆ. ಅದು ಹೇಡಿಯ ಉತ್ತರವೋ ಸರಿಯಾದ ಉತ್ತರವೋ ಎಂದು ರೈಲು ಹೋದ ಮೇಲೂ ಪ್ಲಾಟ್‌ಫಾರಂನಲ್ಲಿ ನಿಂತು ಯೋಚಿಸಿದೆ.

ಐದು ವಾರದ ಮೇಲೆ ಕಾಗದ ಬಂತು. ಕನ್ನಡ ಬರೆಯಲು ಬಾರದ ಅವನು ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ. ಗಟ್ಟಿಯಾಗಿ ಓದಿಕೊಂಡರೆ ಮಾತ್ರ ತಿಳಿಯುತ್ತಿತ್ತು. ಅಮ್ಮನ ಎದುರು ಕೂತು ಓದಿದೆ.

"ಅಕ್ಕ, ಎಡದ್ದೇ ಕೊಟ್ಟೆ. ಆ ಪಬ್ಲಿಷರ್ ಮನುಷ್ಯ ಮೊದ್ಲು ಬಲಕ್ಕೇ ಒತ್ತಿದ. ಕಂಬಕ್ಕೆ ಡಿಕ್ಕಿ. ಮೂರು ಸಲ ಡಿಕ್ಕಿ. ನನ್ನ ಕೈ ಜೇಬಿಗೋಯ್ತು, ಇನ್ನೊಂದು ಕ್ಯಾಸೆಟ್ ತೆಗೆಯಾಕೆ. ಆಮೇಲೆ ಅವ್ನೇ ಎಡಕ್ಕೆ ಒತ್ತಿದ. ಊಟದ ಹೊತ್ತಾದ್ರೂ ಏಳಲಿಲ್ಲ. ತಗಂಡವ್ರೆ ಅಕ್ಕ. ಕಾಗದಕ್ಕೆ ಸಹಿನೂ ಆಯ್ತು. ಅಪ್ಪನಿಗೆ ತೋರಿಸ್ದೆ. ಆದ್ರೆ ಒಂದು ಹೇಳವ್ರೆ. ಜನ ಕೆಟ್ಟೋಗೈತೆ ಅಂತ ವಾಪಸ್ಸು ಕಳಿಸಬಾರದು, ಅದಕ್ಕೆ ಕ್ಯಾಸೆಟ್ ಒಳಗಿನ ಚೀಟಿ ಮೇಲೆ ಯಾಕೆ ಎಡಕ್ಕೆ ಹೋಗ್ಬೇಕು ಅಂತ ಒಂದು ಸಾಲು ಬರೀಬೇಕಂತೆ. ಒಂದೇ ಸಾಲು. ನಂಗೆ ಬರೆಯಾಕೆ ಬರಲ್ಲ. ನೀನು ಬರ್ದು ಬೇಗ ಕಳ್ಸು."

"ಗೆದ್ದ ಕಣೇ," ಎಂದು ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು.

ನಾನು ಇನ್‌ಲ್ಯಾಂಡ್ ಅಲ್ಲದ, ವಿದೇಶಕ್ಕೆ ಹಾಕುವ ನೀಲಿ ಏರೋಗ್ರಾಂ ತಂದು ಕೂತೆ. ಬೇರೆ ಹಾಳೆಯ ಮೇಲೆ ಮೊದಲು ಬರೆದುಕೊಂಡೆ. ಪ್ರದಕ್ಷಿಣೆ ಎಂದರೇನು ಎಂದು ಬರೆಯಹೋದರೆ ಅರ್ಧ ಪುಟವಾಯಿತು. ಶಿಲ್ಪಿಗಳ ಉದ್ದೇಶ ಎಂದು ಬರೆದೆ. ಅದು ನನಗೆ ಗೊತ್ತಿರಲಿಲ್ಲ, ಹೊಡೆದುಹಾಕಿದೆ. ಸಂಪ್ರದಾಯ ಎಂದು ಬರೆದೆ. ಅದು ಏನನ್ನೂ ವಿವರಿಸಲಿಲ್ಲ. ನನ್ನ ಕಾಲಿಗೆ ಮೊದಲಿನಿಂದ ಗೊತ್ತಿದ್ದುದನ್ನು ಗೊತ್ತಿಲ್ಲದ ಊರಿನವರಿಗೆ ಒಂದು ಸಾಲಿನಲ್ಲಿ ಹೇಳಲು ಎಂ.ಎಸ್ಸಿ. ನೆರವಾಗಲಿಲ್ಲ. ಎರಡು ದಿನ ಹೋಯಿತು. ಕೊನೆಗೆ ಎದ್ದು, ನಮ್ಮ ನಡುಮನೆಯ ಗೋಡೆಯ ಪಕ್ಕ ಹೋಗಿ ನಿಂತು, ನಾಲ್ಕು ಹೆಜ್ಜೆ ನಡೆದು ನೋಡಿದೆ. ಬಂದು ಏರೋಗ್ರಾಂ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಅಂಟಿಸಿದೆ.

ಟಿವಿಯ ಪರದೆಯಲ್ಲಿ ಗೋಡೆ ಯಾವ ಪಕ್ಕಕ್ಕೂ ಇರುವುದಿಲ್ಲ, ನೇರ ಎದುರಿಗಿರುತ್ತದೆ. ಆ ಸಾಲನ್ನು ಓದಿ ಅಲ್ಲಿಯವರು ಏನು ತಿಳಿದುಕೊಂಡರೋ ನನಗೆ ಇಂದಿಗೂ ತಿಳಿಯದು. ಆದರೆ ಅವರು ಒಂದಕ್ಷರವನ್ನೂ ಬದಲಿಸದೆ ಚೀಟಿಯ ಮೇಲೆ ಹಾಗೇ ಅಚ್ಚು ಮಾಡಿದರು: ಗೋಡೆಯನ್ನು ನಿಮ್ಮ ಬಲಕ್ಕಿಟ್ಟುಕೊಂಡು ನಡೆಯಿರಿ.